ಕಳೆಯನ್ನು ಕಳೆಯುವ ಬಗೆ

'ಕಳೆ' ಎಂಬುದು ಕನ್ನಡದ ಒಂದು ವಿಲಕ್ಷಣ ಶಬ್ದ. ಸಂಸ್ಕೃತದ 'ಕಲಾ'ದಿಂದ ಬಂದ ಕಳೆಯೆಂದರೆ ಕಾಂತಿ, ಅಚ್ಚಗನ್ನಡದ ಕಳೆಯೆಂದರೆ ಬೇಡದ ಗಿಡ, ಕ್ರಿಯಾಪದವಾದರೆ ಹೋಗಲಾಡಿಸುವುದು. ಮನೆಯಂಗಳದ ಹುಲ್ಲುಹಾಸಿನಲ್ಲಿ ಈ ಮೂರೂ ಅರ್ಥಗಳು ಕೂಡುತ್ತವೆ: ಕಳೆಯನ್ನು ಕಳೆದರೆ ಅಂಗಳಕ್ಕೆ ಕಳೆ.

ಆದರೆ ಕಳೆ ಯಾವುದು? ಗರಿಕೆ ಗಣಪತಿಯ ಪೂಜೆಗೆ ಪವಿತ್ರ. ರಾಗಿಯ ಹೊಲದಲ್ಲಿ ರೈತನಿಗೆ ಶತ್ರು. ನಮ್ಮ ಹುಲ್ಲುಹಾಸಿನಲ್ಲಿ ಮನೆಯೊಡತಿ. ಗಿಡವನ್ನು ಕಳೆಯಾಗಿಸುವುದು ಬಹುಮಟ್ಟಿಗೆ ಅದು ನಿಂತ ಸ್ಥಳವೇ. ಆದ್ದರಿಂದ ಕೀಳುವ ಮುನ್ನ ಗುರುತಿಸುವುದು ಅಗತ್ಯ.

ಎಲ್ಲಕ್ಕಿಂತ ಹಟಮಾರಿಯಾದುದು ಜೇಕು; ಇದನ್ನು ಕೊನ್ನಾರಿಗಡ್ಡೆಯೆಂದೂ ಕರೆಯುತ್ತಾರೆ. ಹುಲ್ಲಿನಂತೆ ಕಂಡರೂ ಇದು ಹುಲ್ಲಲ್ಲ. ಹೂವಿನ ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿದರೆ ಅದರ ಮೂರು ಏಣುಗಳು ತಿಳಿಯುತ್ತವೆ. ನೆಲದಡಿಯಲ್ಲಿ ಇದರ ಗಡ್ಡೆಗಳು ಜಪಮಣಿಗಳಂತೆ ಪೋಣಿಸಿಕೊಂಡಿರುತ್ತವೆ. ಎಲೆ ಹಿಡಿದೆಳೆದರೆ ಸರ ಹರಿಯುತ್ತದೆ. ಮಲಗಿದ್ದ ಗಡ್ಡೆಗಳು ಎಚ್ಚೆತ್ತು ಒಂದಿದ್ದಲ್ಲಿ ಹಲವು ಚಿಗುರುತ್ತವೆ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕಿರುಗುದ್ದಲಿಯಿಂದ ಸಡಿಲಿಸಿ ಗಡ್ಡೆಸಹಿತ ಎತ್ತಬೇಕು. ಉಳಿದವು ಚಿಗುರಿದಂತೆಲ್ಲ ಮತ್ತೆ ಮತ್ತೆ ತೆಗೆದರೆ, ಗಡ್ಡೆಯಲ್ಲಿ ಕೂಡಿಟ್ಟ ಆಹಾರ ಕ್ರಮೇಣ ಬರಿದಾಗುತ್ತದೆ. ಕಿತ್ತ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕಬಾರದು.

ಪುಲ್ಲಂಪುರಚಿಯ ರೀತಿ ಬೇರೆ. ಅದರ ಕಾಯಿ ಮಾಗಿ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಹಳದಿ ಹೂವು ಕಂಡಾಗಲೇ ಕೀಳಬೇಕು. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ಆವರಿಸಿದ ಪಾರ್ಥೇನಿಯಂ ಚರ್ಮಕ್ಕೂ ಉಸಿರಿಗೂ ತೊಂದರೆ ಕೊಡಬಲ್ಲದು. ಕೈಗವಸು ಧರಿಸಿ, ಹೂಬಿಡುವ ಮುನ್ನವೇ ಅದನ್ನು ಬೇರುಸಹಿತ ತೆಗೆಯಬೇಕು.

ಅಂಗಡಿಯ ಕಳೆನಾಶಕದಿಂದ ಕೆಲಸ ಸುಲಭವಾಗದೇ ಎಂದು ಕೇಳುವವರುಂಟು. ಟು-ಫೋರ್-ಡಿ ಅಗಲ ಎಲೆಯ ಗಿಡಗಳನ್ನು ಕೊಂದು ಹುಲ್ಲನ್ನು ಬಹುಮಟ್ಟಿಗೆ ಉಳಿಸುತ್ತದೆ. ಗ್ಲೈಫೊಸೇಟ್ ಹುಲ್ಲನ್ನೂ ಬಿಡುವುದಿಲ್ಲ. ಆದರೆ ಮಕ್ಕಳು ಹೊರಳಾಡುವ, ತಂಬುಳಿಗೆಂದು ಮನೆಯವರು ಒಂದೆಲಗ ಬಿಡಿಸುವ ಅಂಗಳಕ್ಕೆ ವಿಷ ಚಿಮುಕಿಸಲು ನನ್ನ ಮನಸ್ಸು ಒಪ್ಪದು.

ನಿಜವಾದ ಮದ್ದು ದಟ್ಟವಾದ ಹುಲ್ಲೇ. ಬುಡ ಕಾಣುವಂತೆ ಬೋಳಿಸಿದರೆ ಬರಿನೆಲಕ್ಕೆ ಬೆಳಕು ತಾಗಿ ಕಳೆಯ ಬೀಜ ಮೊಳೆಯುತ್ತದೆ. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಗರಿಕೆಗೆ ಬಿಸಿಲು ಬೇಕು. ಮರದ ನೆರಳಿನಲ್ಲಿ ಅದು ತೆಳುವಾಗಿ ಕಳೆಗೆ ಎಡೆಗೊಡುತ್ತದೆ. ಕಳೆ ಕಿತ್ತ ಗುಳಿಗೆ ಅಂದೇ ಒಂದು ಹಿಡಿ ಗರಿಕೆಯ ಬೇರು ನೆಡಿರಿ. ನೆಲ ಬರಿದಾಗಿರಲು ಒಪ್ಪುವುದಿಲ್ಲ. ನಾವು ತುಂಬದ ಜಾಗವನ್ನು ಕಳೆ ತುಂಬುತ್ತದೆ.