ಮನೆಯೊಳಗಣ ಕಡಲು

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ನಮ್ಮ ಕುಟುಂಬಗಳಿಗೆ ಪಂಚಗಂಗೆ, ಹಿರಣ್ಯಕೇಶಿಗಳ ಮೀನು ಪರಿಚಿತ. ಕಡಲು ಮಾತ್ರ ಸಹ್ಯಾದ್ರಿಯ ಆಚೆಗಿದೆ. ಆದರೂ ಮುಂಬಯಿಯಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವನ್ನು ಕಂಡುಬಂದವರ ಮನೆಗಳಲ್ಲಿ, ಕಡಲಿನ ಬಣ್ಣದ ಮೀನೊಂದನ್ನು ಸಾಕುವ ಆಸೆ ಮೊಳೆಯುವುದು ಸಹಜವೇ ಆಗಿದೆ.

ಬಣ್ಣಕ್ಕೆ ಹೆಸರಾದುದು ‘ರ‍್ಯಾಸ್’ ಕುಲ. ಇದರಲ್ಲಿ 500ಕ್ಕೂ ಹೆಚ್ಚು ಜಾತಿಗಳುಂಟು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಬಂಡೆಗಳಲ್ಲಿಯೂ ಈ ಕುಲದ ಮೀನುಗಳಿವೆ. ಇವುಗಳಲ್ಲಿ ಅನೇಕವು ಹೆಣ್ಣಾಗಿ ಬೆಳೆದು, ಮುಂದೆ ಗಂಡಾಗಿ ಮಾರ್ಪಡುತ್ತವೆ. ಕೆಲವು ರಾತ್ರಿ ಮರಳಿನೊಳಗೆ ಹುಗಿದುಕೊಂಡು ನಿದ್ರಿಸುತ್ತವೆ. ಆದುದರಿಂದ ಅಂಥವುಗಳ ತೊಟ್ಟಿಯಲ್ಲಿ ಎರಡು ಮೂರು ಅಂಗುಲ ನುಣುಪು ಮರಳು ಅವಶ್ಯ. ಬೆದರಿದಾಗ ನೀರಿನಿಂದ ಹೊರಕ್ಕೆ ಹಾರುವ ಸ್ವಭಾವವಿರುವುದರಿಂದ ಮೇಲೆ ಜಾಳಿಗೆಯ ಮುಚ್ಚಳವೂ ಬೇಕು.

ಮೊದಲು ನೀರನ್ನು ಸಿದ್ಧಪಡಿಸಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕಡಲನೀರಿನ ಹದ. 100 ಲೀಟರಿಗೆ ಮೂರೂವರೆ ಕಿಲೋ. ಅಡಿಗೆಯ ಉಪ್ಪು ಸಲ್ಲದು. ಇದಕ್ಕೆಂದೇ ತಯಾರಿಸಿದ ಮಿಶ್ರಣವನ್ನೇ ತರಬೇಕು. ಬೇಸಿಗೆಯಲ್ಲಿ ನೀರು ಆರಿದಾಗ ಸಿಹಿನೀರನ್ನೇ ತುಂಬಬೇಕು. ಏಕೆಂದರೆ ಆವಿಯಾಗುವುದು ನೀರು, ಉಪ್ಪಲ್ಲ. ಮೀನಿನ ಮಲದಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ನಿರಪಾಯಗೊಳಿಸುವ ಸೂಕ್ಷ್ಮಾಣುಗಳು ಬೆಳೆಯಲು ನಾಲ್ಕಾರು ವಾರಗಳು ಬೇಕಾಗುತ್ತವೆ. ಅಲ್ಲಿಯವರೆಗೆ ಮೀನನ್ನು ತರಕೂಡದು. ವಿದ್ಯುತ್ತು ಹೋದರೆ ಪಂಪು ನಿಂತು ಮೀನಿಗೆ ಉಸಿರುಕಟ್ಟುವುದರಿಂದ, ಬ್ಯಾಟರಿಯ ಗಾಳಿಯಂತ್ರವೊಂದು ಮನೆಯಲ್ಲಿರಲಿ.

ಅಂದಕ್ಕೆ ಮರುಳಾಗಿ ನೀಲಿ ಗೆರೆಯ ‘ಶುಚಿಕಾರ’ ರ‍್ಯಾಸನ್ನು ಕೊಳ್ಳುವವರುಂಟು. ಅದು ಬೇರೆ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿಂದು ಬದುಕತಕ್ಕದ್ದು. ಮನೆಯ ತೊಟ್ಟಿಯಲ್ಲಿ ಆ ಆಹಾರವೆಲ್ಲಿಯದು? ಬಹುಮಟ್ಟಿಗೆ ಉಪವಾಸದಿಂದಲೇ ಸಾಯುತ್ತದೆ. ಈ ಮೀನು ಕನ್ನಡಿಯಲ್ಲಿ ತನ್ನ ಮೈಮೇಲಿನ ಗುರುತನ್ನು ಕಂಡು, ಅದನ್ನು ಉಜ್ಜಿ ತೆಗೆಯಲು ಯತ್ನಿಸಿತೆಂದು ಜಪಾನಿನ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಅಂತಹ ಜೀವವನ್ನು ಗೋಡೆಯ ಚಿತ್ರಪಟದಂತೆ ಕಾಣುವುದು ಉಚಿತವೇ? ಅದರ ಬದಲು, ಮೂರಂಗುಲದ ಆರು ಗೆರೆಯ ರ‍್ಯಾಸ್ ಸಣ್ಣ ಸಿಗಡಿಯ ಚೂರುಗಳನ್ನು ತಿಂದು ಒಗ್ಗಿಕೊಳ್ಳಬಲ್ಲದು. ಆದರೆ ಅದು ಜಗಳಗಂಟಿ. ಸಾಧುಮೀನುಗಳ ಜೊತೆ ಬೇಡ.

ಇಂತಹ ಮೀನುಗಳು ಬಹುಪಾಲು ಕಡಲಿನಿಂದಲೇ ಹಿಡಿದು ತಂದವು. ತೊಟ್ಟಿಯ ಶೋಭೆಗೆಂದು ಜೀವಂತ ಹವಳವನ್ನಂತೂ ಕೇಳಬಾರದು; ಹವಳದ ಬಂಡೆಗಳನ್ನು ಕಟ್ಟುವ ಜೀವಿಗಳಿಗೆ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಪಾಲಕರು ಮೊದಲ ಎರಡು ತಿಂಗಳು ಬರಿಯ ನೀರು, ಮರಳುಗಳನ್ನೇ ಮಕ್ಕಳಿಂದ ನೋಡಿಕೊಳ್ಳಿಸಲಿ. ಆ ತಾಳ್ಮೆ ಕೈಗೂಡಿದ ಮನೆಗೆ ಮೀನು ಬರಲಿ. ಕೈಗೂಡದಿದ್ದರೆ ಮೀನು ಕಡಲಿನಲ್ಲಿಯೇ ಸುಖವಾಗಿರಲಿ.