ಇಂಗ್ಲಿಷ್ ಭಾಷೆಯ ಚಾರಿತ್ರಿಕ ಪಠ್ಯಕೋಶ: ರಚನೆಯ ಕೆಲವು ಸಮಸ್ಯೆಗಳು

ಭಾಷೆಯೊಂದರ ಚರಿತ್ರೆಯನ್ನು ಬರೆಯುವವನಿಗೆ ಹಿಂದಿನವರ ಮಾತು ಕಿವಿಗೆ ಬೀಳುವಂತಿಲ್ಲ. ಉಳಿದು ಬಂದಿರುವ ಬರಹವೇ ಅವನಿಗೆ ಆಧಾರ. ಆ ಬರಹದಲ್ಲಿಯೂ ತನ್ನ ವಾದಕ್ಕೆ ಒದಗುವ ನಾಲ್ಕು ವಾಕ್ಯಗಳನ್ನು ಆಯ್ದು ಸಿದ್ಧಾಂತ ಕಟ್ಟುವುದು ಸುಲಭ. ಒಂದು ಪ್ರಯೋಗ ಎಷ್ಟು ಸಲ ಬಂದಿದೆ, ಬರಬಹುದಾಗಿದ್ದ ಎಷ್ಟು ಕಡೆ ಬಂದಿಲ್ಲ ಎಂಬೆರಡನ್ನೂ ಎಣಿಸಿದಲ್ಲದೆ ನಿರ್ಣಯ ದೃಢವಾಗದು. ಇಂತಹ ಎಣಿಕೆಗಾಗಿ ಗಣಕಯಂತ್ರಕ್ಕೆ ಅಳವಡಿಸಿ, ವ್ಯಾಕರಣಸೂಚನೆಗಳನ್ನು ಕೂಡಿಸಿದ ಗ್ರಂಥಭಾಗಗಳ ಸಂಗ್ರಹವೇ ಟಿಪ್ಪಣಿಸಹಿತ ಪಠ್ಯಕೋಶ.

ಇಂಗ್ಲಿಷಿನ ಪ್ರಶ್ನವಾಕ್ಯವನ್ನೇ ನೋಡಬಹುದು. ಇಂದು ‘ಡೂ ಯೂ ನೋ ಹಿಮ್’ ಎನ್ನುವಲ್ಲಿ ಹಿಂದೆ ‘ನೋ ಯೂ ಹಿಮ್’ ಎಂಬ ಕ್ರಮವಿತ್ತು. ‘ಡೂ’ ಎಂಬ ಸಹಾಯಕ ಕ್ರಿಯಾಪದ ನೆಲೆಗೊಂಡ ಬಗೆಯನ್ನು ಸ್ವೀಡನ್ನಿನ ಅಲ್ವಾರ್ ಎಲ್ಲೆಗೋರ್ಡ್ ಅವರು 1953ರಲ್ಲಿ, ಸಾವಿರಾರು ವಾಕ್ಯಗಳನ್ನು ಗಣಕದ ನೆರವಿಲ್ಲದೆ ಎಣಿಸಿ ನಿರೂಪಿಸಿದರು. 1989ರಲ್ಲಿ ಆಂಥೊನಿ ಕ್ರೋಕ್ ಅವರು ಅವೇ ಅಂಕಿಗಳನ್ನು ಪರಿಶೀಲಿಸಿ, ಪ್ರಶ್ನೆ, ನಿಷೇಧ ಮೊದಲಾದ ಸಂದರ್ಭಗಳಲ್ಲಿ ಪ್ರಯೋಗದ ಪ್ರಮಾಣ ಬೇರೆಬೇರೆಯಾದರೂ 16ನೆಯ ಶತಮಾನದ ಮಧ್ಯದವರೆಗೆ ಹೆಚ್ಚಳದ ಗತಿ ಒಂದೇ ಎಂದು ವಾದಿಸಿದರು.

ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಮಟ್ಟಿ ರಿಸ್ಸನೆನ್ ಅವರ ನೇತೃತ್ವದಲ್ಲಿ ಸಿದ್ಧವಾದ ಕೋಶವು 1991ರಲ್ಲಿ ಹೊರಬಂದಿತು. ಸುಮಾರು 730ರಿಂದ 1710ರವರೆಗಿನ 15 ಲಕ್ಷಕ್ಕೂ ಮಿಕ್ಕ ಶಬ್ದಗಳು ಇದರಲ್ಲಿ 11 ಕಾಲಘಟ್ಟಗಳಾಗಿ ವಿಭಕ್ತವಾಗಿವೆ. ಪ್ರತಿ ಭಾಗದ ತಲೆಯಲ್ಲಿ ಕಾಲ, ಉಪಭಾಷೆ, ಬರಹದ ಪ್ರಕಾರ ಮುಂತಾದ ವಿವರಗಳಿವೆ. ಒಂದು ಶತಮಾನದಿಂದ ಧರ್ಮೋಪದೇಶಗಳನ್ನೇ, ಮತ್ತೊಂದರಿಂದ ಖಾಸಗಿ ಪತ್ರಗಳನ್ನೇ ಆಯ್ದರೆ ಪ್ರಕಾರಭೇದವನ್ನು ಕಾಲಭೇದವೆಂದು ಭ್ರಮಿಸಿದಂತಾಗುತ್ತದೆ. ಆದರೆ ಸಮತೋಲ ಸರ್ವತ್ರ ಸಾಧ್ಯವಿಲ್ಲ. 1066ರ ನಾರ್ಮನ್ ವಿಜಯದ ತರುವಾಯ ಆಡಳಿತದಲ್ಲಿ ಲ್ಯಾಟಿನ್, ಫ್ರೆಂಚ್ ಭಾಷೆಗಳು ಮೇಲುಗೈ ಪಡೆದುದರಿಂದ 1250ರಿಂದ 1350ರವರೆಗಿನ ಇಂಗ್ಲಿಷ್ ಗದ್ಯ ತೀರ ವಿರಳ.

ಸಂಗ್ರಹದ ತರುವಾಯ ಟಿಪ್ಪಣಿಯ ಕಾರ್ಯ. ಕ್ರೋಕ್ ಮತ್ತು ಆನ್ ಟೇಲರ್ ಅವರು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಿಂದ 2000ದಲ್ಲಿ ಹೊರತಂದ ಪರಿಷ್ಕೃತ ಮಧ್ಯಕಾಲೀನ ಇಂಗ್ಲಿಷ್ ಕೋಶದಲ್ಲಿ ಸುಮಾರು 12 ಲಕ್ಷ ಶಬ್ದಗಳಿವೆ. ಪ್ರತಿ ಪದಕ್ಕೂ ನಾಮವೋ ಕ್ರಿಯೆಯೋ ಎಂಬ ಗುರುತು. ಕರ್ತೃ, ಕರ್ಮ, ಉಪವಾಕ್ಯಗಳಿಗೆ ಆವರಣಚಿಹ್ನೆ. ಯಂತ್ರದ ವಿಶ್ಲೇಷಣೆಯನ್ನು ವಿದ್ವಾಂಸರು ತಿದ್ದಬೇಕು. ಕಾಗುಣಿತ ಸ್ಥಿರವಾಗಿಲ್ಲದ ಕಾಲದ ಬರಹದಲ್ಲಿ ಯಂತ್ರ ಪದೇ ಪದೇ ಎಡವುತ್ತದೆ.

ಇಲ್ಲಿ ಎರಡು ಎಚ್ಚರಗಳು ಅವಶ್ಯಕ. ಮೊದಲನೆಯದಾಗಿ, ಇಂತಹ ಕೋಶಗಳಿಗೆ ಬಹುಮಟ್ಟಿಗೆ ಮುದ್ರಿತ ಆವೃತ್ತಿಗಳೇ ಆಕರ. ಸಂಪಾದಕನು ತಿದ್ದಿದ ಪಾಠವನ್ನೂ ಹಾಕಿದ ವಿರಾಮಚಿಹ್ನೆಯನ್ನೂ ಗಣಕವು ಪ್ರಾಚೀನ ಲೇಖಕನದೆಂದೇ ಎಣಿಸುತ್ತದೆ. ಎರಡನೆಯದಾಗಿ, ಕೃತಿಯ ಕಾಲ ಬೇರೆ, ಪ್ರತಿಯ ಕಾಲ ಬೇರೆ. ನಡುವೆ ಲಿಪಿಕಾರನು ತನ್ನ ಕಾಲದ ರೂಪಗಳನ್ನು ಸೇರಿಸಿರಬಹುದು. ಆದುದರಿಂದ ಎರಡು ಕಾಲಗಳನ್ನೂ ದಾಖಲಿಸುವುದು ಅಗತ್ಯ. ‘ಕವಿರಾಜಮಾರ್ಗ’ ರಚಿತವಾದುದು 9ನೆಯ ಶತಮಾನದಲ್ಲಿ, ನಮಗೆ ದೊರೆತಿರುವ ಓಲೆಪ್ರತಿಗಳಾದರೋ ಬಹಳ ಈಚಿನವು ಎಂಬುದನ್ನು ನೆನೆದರೆ ಈ ಸಮಸ್ಯೆ ಕನ್ನಡ ವಿದ್ಯಾರ್ಥಿಗೂ ಹೊಸತಲ್ಲವೆಂದು ತಿಳಿಯುತ್ತದೆ.

ಗಣಕವು ಎಣಿಕೆಯ ಶ್ರಮವನ್ನು ಕಳೆದಿದೆ. ಎಣಿಸತಕ್ಕದ್ದು ಯಾವುದು, ಎಣಿಸಿದುದು ಯಾರ ಮಾತು ಎಂಬ ವಿವೇಚನೆಯ ಹೊಣೆ ಇಂದಿಗೂ ಸಂಶೋಧಕನದೇ.