ಬೇಲಿಯ ಹಣ್ಣು ಬಾಯಿಗಿಡುವ ಮುನ್ನ



ಸೊಕ್ಕೆ, ಜಗಳೂರು ಕಡೆಯ ಕುರುಚಲು ಕಾಡಿನಲ್ಲಿ, ಹೊಲದ ಬದುಗಳಲ್ಲಿ ಬಿಡುವ ಬೋರೆ, ಕವಳೆ ಹಣ್ಣುಗಳು ಬಡವರ ಮಕ್ಕಳಿಗೂ ಪುಕ್ಕಟೆ ಸಿಗುವ ಒಳ್ಳೆಯ ಆಹಾರ. ಆದರೆ ಅದೇ ಬೇಲಿಯಲ್ಲಿ ವಿಷದ ಕಾಯಿಗಳೂ ಇರುತ್ತವೆ. ಆದ್ದರಿಂದ ಹಣ್ಣನ್ನಷ್ಟೇ ನೋಡದೆ ಎಲೆ, ಮುಳ್ಳು, ಬೀಜ ಎಲ್ಲವನ್ನೂ ನೋಡಿ ಗುರುತಿಸಿರಿ.

ತಿನ್ನಬಹುದಾದವು

ಬೋರೆ (ಎಲಚಿ): ಸಂಕ್ರಾಂತಿಯ ಸುಮಾರಿಗೆ ಹಣ್ಣಾಗುತ್ತದೆ. ಎಲೆಯ ಅಡಿಭಾಗ ಬೆಳ್ಳಗಿದ್ದು, ಬುಡದಿಂದ ಮೂರು ನರಗಳು ಹೊರಡುತ್ತವೆ. ಹಣ್ಣಿನೊಳಗೆ ಒಂದೇ ಗಟ್ಟಿ ಬೀಜ.

ಕವಳೆ: ಬೇಸಿಗೆಯಲ್ಲಿ ಬರುತ್ತದೆ. ಜೋಡಿ ಮುಳ್ಳು, ಎದುರುಬದುರು ಎಲೆ. ಪೂರ್ತಿ ಕಪ್ಪಾದ ಹಣ್ಣನ್ನು ಮಾತ್ರ ತಿನ್ನಿರಿ.

ಮುಟ್ಟಬಾರದವು

ಕಾಡುಹರಳು: ಬೇಲಿಗೆ ನೆಡುವ ಗಿಡ, ಮುಳ್ಳಿಲ್ಲ. ಕಾಯಿಯೊಳಗೆ ಸಾಮಾನ್ಯವಾಗಿ ಮೂರು ಕಪ್ಪು ಬೀಜ. ರುಚಿ ಚೆನ್ನಾಗಿರುವುದರಿಂದಲೇ ಮಕ್ಕಳು ಮೋಸಹೋಗುತ್ತಾರೆ. ಗಂಟಲು ಉರಿ, ಹೊಟ್ಟೆನೋವು, ವಾಂತಿ, ಭೇದಿ ಬರುತ್ತವೆ.

ಗುಲಗಂಜಿ: ಕೆಂಪು ಕಾಳು, ಕಪ್ಪು ಚುಕ್ಕೆ. ಅಗಿದು ನುಂಗಿದರೆ ಪ್ರಾಣಾಪಾಯ.

ಹಳದಿ ಕಣಗಿಲೆ: ಇದರ ಕಾಯಿ, ಬೀಜ ಹೃದಯದ ಬಡಿತವನ್ನೇ ಕೆಡಿಸುತ್ತವೆ.

ಉಮ್ಮತ್ತಿ: ಮುಳ್ಳುಕಾಯಿ. ತಿಂದವರಿಗೆ ಬಾಯಿ ಒಣಗಿ, ಕಣ್ಣಪಾಪೆ ಹಿಗ್ಗಿ, ಬಡಬಡಿಕೆ ಹತ್ತುತ್ತದೆ.

ತಪ್ಪು ತಿಳಿವಳಿಕೆ

"ಹಕ್ಕಿ ತಿಂದದ್ದು ನಾವೂ ತಿನ್ನಬಹುದು" ಎಂಬುದು ಸರಿಯಲ್ಲ. ಹಕ್ಕಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗಬೇಕೆಂದಿಲ್ಲ. "ಹಾಲು ಬರುವ ಗಿಡವೆಲ್ಲ ವಿಷ" ಎಂಬುದೂ ಸರಿಯಲ್ಲ. ಕವಳೆಯಲ್ಲೂ ಹಾಲು ಬರುತ್ತದೆ, ಕಣಗಿಲೆಯಲ್ಲೂ ಬರುತ್ತದೆ. ಒಂದೇ ಗುರುತನ್ನು ನಂಬಬೇಡಿರಿ. ಔಷಧಿ ಹೊಡೆದ ಹೊಲದ ಬದುವಿನ ಹಣ್ಣು ಯಾವುದಾದರೂ ಬೇಡ. 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದೊಳಗೆ ಅನುಮತಿಯಿಲ್ಲದೆ ಹಣ್ಣು ಕೀಳಬಾರದು.

ವಿಷದ ಕಾಯಿ ತಿಂದಿದ್ದರೆ

1. ಬಾಯಲ್ಲಿ ಉಳಿದದ್ದನ್ನು ಉಗುಳಿಸಿ, ಬಾಯಿ ತೊಳೆಯಿರಿ.

2. ಉಪ್ಪುನೀರು ಕುಡಿಸಿ ಅಥವಾ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿರಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಇಮ್ಮಡಿಯಾಗುತ್ತದೆ.

3. ಮಂಪರಿನಲ್ಲಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಿಗೆ ಮಲಗಿಸಿರಿ.

4. ಕೂಡಲೇ 108ಕ್ಕೆ ಕರೆಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಬನ್ನಿರಿ. ತಿಂದ ಕಾಯಿ, ಎಲೆ, ಟೊಂಗೆಯನ್ನು ಜೊತೆಗೆ ತನ್ನಿರಿ. ಎಷ್ಟು, ಯಾವಾಗ ತಿಂದರೆಂದು ತಿಳಿಸಿರಿ.

5. ಮಗು ಆಡಿಕೊಂಡಿದೆಯೆಂದು ಕಾಯಬೇಡಿರಿ. ಗುಲಗಂಜಿಯ ವಿಷ ಹಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ತಲೆಯೆತ್ತುತ್ತದೆ. ಜೊತೆಗೆ ತಿಂದ ಮಕ್ಕಳನ್ನೂ ಕರೆತನ್ನಿರಿ.

ತಾಯಂದಿರೇ, ಕೊನೆಯದಾಗಿ ಒಂದು ಮಾತು. ಏಟು ಬೀಳುತ್ತದೆಂಬ ಭಯಕ್ಕೆ ಮಕ್ಕಳು ತಿಂದದ್ದನ್ನು ಮುಚ್ಚಿಡುತ್ತಾರೆ, ಆಗ ಚಿಕಿತ್ಸೆ ತಡವಾಗುತ್ತದೆ. ಗದರಿಸದೆ ಕೇಳಿರಿ. "ಗೊತ್ತಿಲ್ಲದ ಹಣ್ಣನ್ನು ಮೊದಲು ಮನೆಗೆ ತಂದು ತೋರಿಸು" ಎಂದು ಇಂದೇ ಹೇಳಿಕೊಡಿರಿ. ಗುರುತು ಹಿಡಿಯಲು ಮನೆಯ ಹಿರಿಯರಿಗೂ ಆಗದಿದ್ದರೆ ಆ ಹಣ್ಣನ್ನು ಬಿಟ್ಟುಬಿಡಿರಿ.